ಗೋಡೆಯ ಮೇಲಿನ ಕಣ್ಣು

ಆ ಬಿಳಿ ಚುಕ್ಕಿ ಮೊನ್ನೆವರೆಗೂ ಇರಲಿಲ್ಲ, ಗೋಡೆಯ ಮೇಲಿನ ಕಣ್ಣಿನ ಕರಿಗುಡ್ಡೆಯೊಳಗೆ, ಕೆಳಗಿನಿಂದ ನೋಡಿದರೆ ಒಂದು ಮಂಡಕ್ಕಿ ಕಾಳಿನಷ್ಟು, ಮೇಲೆ ಹತ್ತಿ ನೋಡಿದರೆ ಊಟದ ತಟ್ಟೆಯಷ್ಟಿರಬೇಕೋ ಏನೋ, ಅದೊಂದು ಬಿದ್ದದ್ದೇ ತಡ ಕಣ್ಣಿಗೆ ಜೀವ ಬಂದುಬಿಟ್ಟಿದೆ — ಬಸ್ಸಿನಿಂದ ಇಳಿಯುವವರನ್ನು, ಆಟೋದವರನ್ನು, ಮೂಲೆಯ ಜೆರಾಕ್ಸ್ ಅಂಗಡಿಯನ್ನು, ಎಲ್ಲವನ್ನೂ ನೋಡುತ್ತಿದೆ, ಗಾಡಿಯ ಹಿಂದೆ ನಿಂತು ಮೆಣಸಿನಕಾಯಿ ಸೀಳುತ್ತಿರುವ ದಾಕ್ಷಾಯಿಣಿಯನ್ನೂ ನೋಡುತ್ತಿದೆ, ಅವಳ ಕಣ್ಣು ಅವಳನ್ನೇ. ಅಯ್ಯೋ ಶಿವನೇ, ಮೂರು ಅಂತಸ್ತಿನ ಎತ್ತರಕ್ಕೆ ಒಬ್ಬ ಹೆಂಗಸಿನ ಮುಖವೆಂದರೆ ಏನು ಹುಡುಗಾಟವೇ, ದೇವರಿಗೂ ಇಷ್ಟು ದೊಡ್ಡ ಮುಖ ಮಾಡುವುದಿಲ್ಲ, ಬಚ್ಚಿಟ್ಟುಕೊಂಡು ಬದುಕುವವಳಿಗೆ ಮಾಡಿಟ್ಟಿದ್ದಾರೆ. ನಾಳೆ ಉದ್ಘಾಟನೆಯಂತೆ, ದುರ್ಗದ ಗೋಡೆಗಳ ಮೇಲೆಲ್ಲ ಚಿತ್ರ, ಒಂದರ ಮೇಲೆ ಗಾಳಿಯಂತ್ರ, ಒಂದರ ಮೇಲೆ ಕೋಟೆ ಹತ್ತುವ ಕೋತಿಗಳು, ಟೌನ್ ಹಾಲಿನೊಳಗೆ ಹಳೇ ಚಪ್ಪಲಿಗಳನ್ನು ದಾರಕ್ಕೆ ಕಟ್ಟಿ ನೇತುಹಾಕಿದ್ದಾರಂತೆ, ಇದೂ ಒಂದು ಕಲೆಯೇನ್ರೀ ಎಂದು ಜೆರಾಕ್ಸ್ ಅಂಗಡಿಯ ಮೂರ್ತಪ್ಪ ಮೆಣಸಿನಕಾಯಿ ಬಜ್ಜಿ ಕಡಿಯುತ್ತ ನಕ್ಕಿದ್ದ, ನಿಮ್ಮುಖ ಆದ್ರೆ ನೋಡಾಕೆ ಚಂದೈತೆ ಬಿಡ್ರಿ ಮಂಡಕ್ಕಿ ಅಕ್ಕ. ಚಂದವಂತೆ. ತಪ್ಪೆಲ್ಲ ತನ್ನದೇ. ಬಣ್ಣ ಮೆತ್ತಿದ ಉಗುರಿನ ಆ ಹುಡುಗಿ ಸಹನಾ, ದಾವಣಗೆರೆಯಲ್ಲಿ ಚಿತ್ರ ಕಲಿತವಳು, ದಿನಾ ಸಂಜೆ ಒಗ್ಗರಣೆ ಮಂಡಕ್ಕಿ ತಿನ್ನಲು ಬರುತ್ತಿದ್ದಳು, ಅಕ್ಕಾ ನಿಮ್ದೊಂದು ಫೋಟೊ ತಗಳ್ಲಾ, ಚಿತ್ರ ಬರೀತೀನಿ ಅಂದಳು, ಬರ್ಕಳವ್ವ ಅಂದಳು ದಾಕ್ಷಾಯಿಣಿ, ಚಿತ್ರವೆಂದರೆ ಕಾಗದದ ಮೇಲಿರುತ್ತದೆ, ಗಾಜು ಹಾಕಿ ಯಾವುದೋ ಹಾಲಿನಲ್ಲಿ ತೂಗುಹಾಕುತ್ತಾರೆ, ದೊಡ್ಡವರು ಕೈಕಟ್ಟಿಕೊಂಡು ನೋಡಿ ಹೋಗುತ್ತಾರೆ ಎಂದುಕೊಂಡಿದ್ದಳು. ಗೋಡೆಯೆಂದು ಯಾರಿಗೆ ಗೊತ್ತು. ಕೆಳಗಿನಿಂದ ಬರೆದುಕೊಂಡು ಬಂದರು, ಮೊದಲು ಸೀರೆಯ ನೆರಿಗೆ, ಬಾಣಲೆ, ಹೊಗೆ, ಜಾಲರಿ ಸೌಟು ಹಿಡಿದ ಕೈ, ಯಾರದೋ ಕೈ ಇರಬೇಕೆಂದು ಅವಳೂ ಎಲ್ಲರ ಜೊತೆ ನಿಂತು ನೋಡಿದಳು, ಗಲ್ಲ ಬಂತು, ತುಟಿ ಬಂತು, ಕೊನೆಗೆ ಎಡಹುಬ್ಬನ್ನು ಎರಡು ಮಾಡಿದ ಆ ಗಾಯದ ಗೆರೆ ಬಂತು, ಅವಳ ಕೈಯಲ್ಲಿದ್ದ ಸೌಟು ಎಣ್ಣೆಗೆ ಬಿತ್ತು. ಆ ಗೆರೆ ಯಾಕವ್ವ ಬರೆದೆ? ಅದಿಲ್ದಿದ್ರೆ ಇದು ನಿಮ್ಮ ಮುಖನೇ ಅಲ್ಲಕ್ಕ. ಹೆಸರನ್ನಾದರೂ ಬರೀಬ್ಯಾಡ ಎಂದು ಕೈಹಿಡಿದು ಕೇಳಿಕೊಂಡಿದ್ದಳು, ಇಲ್ಲಕ್ಕ, ನಿಮ್ಮ ಹೆಸರು ನನ್ನ ಬಾಯಿಂದ ಹೊರಗೆ ಬರಲ್ಲ ಎಂದಿದ್ದಳು ಹುಡುಗಿ. ಈ ಊರಿನಲ್ಲಿ ಅವಳ ಹೆಸರು ಗೊತ್ತಿರುವುದು ಆ ಹುಡುಗಿಗೊಬ್ಬಳಿಗೇ, ಯಾಕೆ ಹೇಳಿದಳೋ, ಇಷ್ಟು ದಿನದಲ್ಲಿ ಯಾರೂ ಕೇಳಿರಲಿಲ್ಲ, ಹುಡುಗಿ ಕೇಳಿದಳು, ಇವಳು ಹೇಳಿಬಿಟ್ಟಳು.

ಎಣ್ಣೆ ಕಾದಿದೆ, ಉರಿ ಸಣ್ಣ ಮಾಡಬೇಕು, ನಿನ್ನೆಯೂ ಹೀಗೇ ಉರಿ ಸಣ್ಣ ಮಾಡಲು ಬಗ್ಗಿದ್ದಳು, ಎದ್ದಿದ್ದರೆ ಕತೆ ಮುಗಿಯುತ್ತಿತ್ತು, ಎದುರಿಗೆ ಬೈಕು ನಿಲ್ಲಿಸಿಕೊಂಡು ಪ್ರಭುಲಿಂಗ — ಗಂಡ ಹಾಲೇಶನ ಚಿಕ್ಕಪ್ಪನ ಮಗ, ಮದುವೆಯಲ್ಲಿ ಇವಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡವನು — ತಲೆ ಎತ್ತಿ ಗೋಡೆ ನೋಡುತ್ತಿದ್ದ, ಬಾಯಿ ಅರ್ಧ ತೆರೆದಿತ್ತು, ಆಮೇಲೆ ಮೊಬೈಲ್ ಎತ್ತಿ ಹಿಡಿದ. ಸಿಲಿಂಡರಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು, ಮೇಲೆ ಮೆಣಸಿನಕಾಯಿ ಸೀದು ಕರ್ರಗಾದವು, ಅಕ್ಕಾ ಸೀಯ್ತಾ ಐತೆ ಎಂದು ಯಾರೋ ಕೂಗಿದರು, ಏಳಲಿಲ್ಲ. ಆ ಫೋಟೊ ಈಗ ಹೊಸದುರ್ಗ ಮುಟ್ಟಿರುತ್ತದೆ, ಮುಟ್ಟದೆ ಇರುತ್ತದೆಯೇ, ಲೇ ಹಾಲೇಶ, ನಿನ್ನ ಹೆಂಡ್ತಿ ದುರ್ಗದಾಗೆ ಗೋಡೆ ಮ್ಯಾಲೆ ಅದಾಳೆ ನೋಡು. ಅವನು ಹೇಗೆ ನೋಡಿರುತ್ತಾನೆ ಎನ್ನುವುದೂ ಗೊತ್ತು, ಬಲಗೈಯ ಸ್ಟೀಲ್ ಕಡಗವನ್ನು ಮೆಲ್ಲಗೆ ತಿರುಗಿಸುತ್ತಾನೆ, ಇವಳ ಹುಬ್ಬು ಸೀಳಿದ್ದು ಅದೇ ಕಡಗ, ಸಾರಿಗೆ ಉಪ್ಪು ಕಡಿಮೆಯಾಗಿತ್ತು ಅಷ್ಟೇ. ಹೊಸದುರ್ಗ–ಹಿರಿಯೂರು ಬಸ್ಸಿನ ಕಂಡಕ್ಟರ್, ಮದುವೆಯಾದ ಹೊಸತರಲ್ಲಿ ಅದೇ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ, ಬಾಗಿಲಲ್ಲಿ ನಿಂತವನ ಕತ್ತಿನ ಹಿಂಭಾಗವನ್ನೇ ನೋಡುತ್ತ ಕೂರುತ್ತಿದ್ದಳು, ಎರಡು ಮಡಿಕೆ, ನಡುವೆ ಮಂತ್ರಿಸಿದ ಕರಿದಾರ, ನನ್ನ ಗಂಡ ಎಂದು ಹೆಮ್ಮೆ ಬೇರೆ, ಥೂ. ಆಮೇಲೆ ಹೊಡೆಯುವಾಗ ಅಂಗೈಯನ್ನು ಬಾಯಿಗೆ ಒತ್ತುತ್ತಿದ್ದ, ಪಕ್ಕದ ಮನೆಯ ಚಂದ್ರಕ್ಕನಿಗೆ ಕೇಳಬಾರದೆಂದು, ಬೆವರು ಮತ್ತು ಚಿಲ್ಲರೆ ಕಾಸಿನ ವಾಸನೆಯ ಅಂಗೈ, ಮುಖ ತುಂಬ ಅಂಗೈ. ಓಡಿ ಹೋಗಿ ನೋಡು, ಎಲ್ಲಿದ್ರೂ ಹುಡುಕ್ತೀನಿ, ಮಗೀನ ಎತ್ಕಂಡು ಬರ್ತೀನಿ, ನಿನ್ನ ಅಲ್ಲೇ ಮುಗಿಸ್ತೀನಿ. ಇವಳು ಮನೆ ಬಿಟ್ಟ ಮೇಲೆ ಭರಮಸಾಗರದ ತವರಿಗೆ ಹೋಗಿ ಕೂಗಾಡಿ ಬಂದನಂತೆ, ಅಣ್ಣ ಫೋನಿನಲ್ಲಿ ಇಲ್ಲಿಗೆ ಬರಬ್ಯಾಡ ತಾಯಿ ಅಂದುಬಿಟ್ಟ. ಅವನ ಬಸ್ಸು ದುರ್ಗಕ್ಕೆ ಬರುವುದಿಲ್ಲವೆಂದೇ ದುರ್ಗಕ್ಕೆ ಬಂದದ್ದು, ಮಗಳು ರಂಜಿತಾಳನ್ನು ಶಾಲೆಗೆ ಸೇರಿಸಿದ್ದು, ಒಂದು ರೂಮು, ಒಂದು ಗಾಡಿ, ಒಳಗಿನಿಂದ ಚಿಲಕ ಹಾಕಿಕೊಂಡು ಮಗಳ ಪಕ್ಕ ಮಲಗಿದರೆ ಬೆಳಗಾಗುವ ತನಕ ಎಚ್ಚರವಿಲ್ಲದ ನಿದ್ದೆ, ಆ ನಿದ್ದೆ ಎಷ್ಟು ಚೆನ್ನಾಗಿತ್ತು. ಮಗಳು ಬೇರೆ ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ, ನಮ್ಮಮ್ಮ ಗೋಡೆ ತುಂಬ ಅದಾಳೆ ಕಣ್ರೇ ಅಂತ.

ಅದಕ್ಕೇ ಇವತ್ತು ಮಧ್ಯಾಹ್ನ ಸಹನಾಳ ಎದುರು ನಿಂತು ಹೇಳಿಯೇಬಿಟ್ಟಳು, ಅಳಿಸಿಬಿಡವ್ವ. ಏನಕ್ಕಾ ಹಿಂಗಂತೀರಿ, ನಾಳೆ ಉದ್ಘಾಟನೆ, ಕಮಿಟಿಯವರಿಗೆ ಏನಂತ ಹೇಳ್ಲಿ, ನಾನು ಬರೆದ ಚಿತ್ರಗಳಲ್ಲೆಲ್ಲ ಇದೇ — ಎಂದವಳು ಮಾತು ನಿಲ್ಲಿಸಿ ಇವಳ ಹುಬ್ಬು ನೋಡಿದಳು, ಅಷ್ಟು ದಿನ ಬರೆದದ್ದನ್ನು ಈಗ ಮೊದಲ ಸಲ ನೋಡುವವಳ ಹಾಗೆ. ಯಾರೋ ಮಾಡಿದ್ದಾ ಅಕ್ಕ ಇದು? ಹೌದೆಂದು ತಲೆಯಾಡಿಸಿದಳು. ನೀವಿಲ್ಲಿರೋದು ಅವ್ರಿಗೆ ಗೊತ್ತಾಗೈತಾ? ಆಗೈತೆ ಅನ್ಸುತ್ತವ್ವ. ಹುಡುಗಿಯ ಕಣ್ಣಲ್ಲಿ ನೀರು ಬಂತು, ಮೂಗು ಒರೆಸಿಕೊಂಡು ಬಿಳಿ ಬಣ್ಣದ ಡಬ್ಬ, ಉದ್ದ ಕೋಲಿನ ರೋಲರ್ ಎತ್ತಿಕೊಂಡು ಕಬ್ಬಿಣದ ಅಟ್ಟಣಿಗೆ ಹತ್ತಿಯೇಬಿಟ್ಟಳು, ತಾಯಿ, ನೂರು ಕಾಲ ಬಾಳು. ಗಲ್ಲ ಹೋಯಿತು. ಹೋಗಲಿ, ಉಸಿರು ಹಗುರಾಯಿತು, ಇನ್ನೊಂದು ಬಾಣಲೆ ಮೆಣಸಿನಕಾಯಿ ಬಿಟ್ಟಳು, ಎಣ್ಣೆ ಚುರ್ ಅಂದಿತು, ಸೆರಗನ್ನು ಮೂಗಿನವರೆಗೆ ಎಳೆದುಕೊಂಡಳು, ಬಾಯಿ ಹೋಗುತ್ತಿದೆ, ಬಾಯಿಯ ಮೇಲೆ ಬಿಳಿ ಅಡ್ಡಕ್ಕೆ ಒತ್ತಿಕೊಂಡು ಹೋಗುತ್ತಿದೆ — ಬೇಡ, ಬಾಯಿ ಬೇಡ, ಬಾಯಿಯ ಮೇಲೆ ಒತ್ತಬೇಡ, ತಾನೇ ಕೇಳಿದ್ದಲ್ಲವೇ, ತಾನೇ ಒರೆಸು ಎಂದದ್ದಲ್ಲವೇ, ಮತ್ತೆ ಯಾಕೆ ಅಂಗೈ ನೆನಪಾಗಬೇಕು, ಚಿಲ್ಲರೆ ಕಾಸಿನ ವಾಸನೆ ಎಲ್ಲಿಂದ ಬರಬೇಕು. ಅವನು ಮಾಡಲು ನೋಡಿದ್ದೂ ಇದನ್ನೇ ಅಲ್ಲವೇ. ಮೂರ್ತಪ್ಪ ಅಂಗಡಿಯಿಂದ ಹೊರಬಂದು ಏನಮ್ಮಾ ಇದು, ಚೆನ್ನಾಗಿರೋ ಮುಖಕ್ಕೆ ಸುಣ್ಣ ಬಳೀತಿಯಲ್ಲ ಎಂದು ಕೂಗಿದ, ನಾಲ್ಕು ಜನ ನಿಂತರು, ಇನ್ನೂ ನಾಲ್ಕು ಜನ, ಹೊತ್ತು ಇಳಿಯುತ್ತಿದೆ, ಶಾಲೆ ಬಿಡುವ ಹೊತ್ತು, ರಂಜಿತಾ ಓಡಿಬಂದು ನೋಡಿದರೆ ಏನು ಹೇಳುವುದು, ಮೂಗು ಹೋಯಿತು, ಬಲಗಣ್ಣು ಹೋಯಿತು, ಇನ್ನು ಎಡಗಣ್ಣೊಂದು, ಆ ಗೆರೆಯ ಹುಬ್ಬು, ಆ ಬಿಳಿ ಚುಕ್ಕಿ. ಈ ಚುಕ್ಕಿ ಇಡೋವರ್ಗೂ ಕಣ್ಣು ಕಣ್ಣೇ ಅಲ್ಲಕ್ಕ, ಇಟ್ಟ ಮೇಲೆ ಅದೇ ನೋಡಾಕೆ ಶುರು ಮಾಡುತ್ತೆ, ಸಹನಾ ಎಂದೋ ಹೇಳಿದ್ದು, ನೋಡುತ್ತಿದೆ, ಈಗ ಅದು ಇವಳನ್ನು ನೋಡುತ್ತಿಲ್ಲ, ಗಾಡಿಯ ಮುಂದೆ ನಿಂತ ಜನರಲ್ಲಿ ಯಾರನ್ನೋ ನೋಡುತ್ತಿದೆ, ಅವಳೂ ನೋಡಿದಳು — ಬೆನ್ನುಗಳು, ಹೆಗಲುಗಳು, ಒಂದು ಖಾಕಿ ಅಂಗಿ, ಖಾಕಿ ಅಂಗಿಯ ಮೇಲೆ ಕತ್ತಿನ ಹಿಂದೆ ಎರಡು ಮಡಿಕೆ, ನಡುವೆ ಕರಿದಾರ. ಅಲ್ಲ, ಅವನಲ್ಲ, ಖಾಕಿ ಹಾಕಿದವರೆಲ್ಲ ಅವನೇ ಆಗಬೇಕೇ, ಕೈಗಳನ್ನು ಬೆನ್ನ ಹಿಂದೆ ಕಟ್ಟಿದ್ದಾನೆ, ಎಡಗೈ ಬೆರಳುಗಳು ಬಲಗೈಯ ಕಡಗವನ್ನು ಮೆಲ್ಲಗೆ ತಿರುಗಿಸುತ್ತಿವೆ. ಅವನಿನ್ನೂ ಇತ್ತ ತಿರುಗಿಲ್ಲ. ಮೇಲೆ ನೋಡುತ್ತಿದ್ದಾನೆ, ಅವನಿಗೂ ಗಾಡಿಗೂ ಒಂದು ಮಾರು ದೂರ, ಒಲೆ ಆರಿಸು, ಬೇಡ, ಸದ್ದಾಗುತ್ತದೆ, ಹಿಂದಕ್ಕೆ ಒಂದು ಹೆಜ್ಜೆ, ಜೆರಾಕ್ಸ್ ಅಂಗಡಿಯ ಪಕ್ಕದ ಸಂದಿ, ಅಲ್ಲಿಂದ ಶಾಲೆ, ಮಗಳ ಕೈ ಹಿಡಿದು ಯಾವುದಾದರೂ ಬಸ್ಸು, ಹೊಸದುರ್ಗದ್ದೊಂದು ಬಿಟ್ಟು ಯಾವುದಾದರೂ, ಕಾಲೆತ್ತು ದಾಕ್ಷಿ, ಎತ್ತು, ಮುಖ ಇನ್ನೂ ಸೆರಗಿನೊಳಗಿದೆ, ಅವನಿಗೇನು ಗೊತ್ತಾಗುತ್ತದೆ — ಮೇಲೆ ಸಹನಾ ಅಟ್ಟಣಿಗೆಯಿಂದ ಬಗ್ಗುತ್ತಿದ್ದಾಳೆ, ರೋಲರಿನಿಂದ ಬಿಳಿ ತೊಟ್ಟಿಕ್ಕುತ್ತಿದೆ, ಪಾಪದ ಹುಡುಗಿ, ಅಳುತ್ತಿದ್ದಾಳೆ, ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದಿದ್ದಾಳೆ, ಕೂಗಬೇಡ, ಕೂಗಬೇಡವ್ವ, ಮಾತು ಕೊಟ್ಟಿದ್ದೀಯ — ದಾಕ್ಷಾಯಿಣಕ್ಕಾ! ಈ ಕಣ್ಣೊಂದು ಉಳಿಸ್ಲೇನ್ರೀ? — ಕಡಗ ತಿರುಗುವುದು ನಿಂತಿತು, ಕತ್ತಿನ ಮಡಿಕೆ ಬಿಚ್ಚಿಕೊಳ್ಳುತ್ತಿದೆ, ಕಿವಿ, ಕೆನ್ನೆ, ಕಾಲೆತ್ತು, ಕಾಲು ಎಲ್ಲಿದೆ, ಮೀಸೆಯ ತುದಿ, ಅವನನ್ನು ನೋಡಬೇಡ, ಮೇಲೆ ನೋಡು, ಗೋಡೆ ತುಂಬ ಬಿಳಿ, ಬಿಳಿಯ ನಡುವೆ ಒಂದು ಕಣ್ಣು, ಕಣ್ಣಿನೊಳಗೆ ಆ ಚುಕ್ಕಿ, ಅದು ರೆಪ್ಪೆ ಮುಚ್ಚುತ್ತಿಲ್ಲ, ಆ ಚುಕ್ಕಿ, ಬಿಳಿ ಚುಕ್ಕಿ, ಚುಕ್ಕಿ