ಸೇತುವೆಯ ಈಚೆ

ಎರಡನೇ ಏಟು ಬೇಕೆಂದೇ ಹೊಡೆದದ್ದು. ಅದು ಲೂಸಿಯನ್‌ಗೆ ಗೊತ್ತಿತ್ತು. ಮೊದಲನೆಯದನ್ನು ಆಟದ ಭರದಲ್ಲಿ ಬಿತ್ತೆನ್ನಬಹುದಿತ್ತು. ಆದರೆ ಡೆಟ್ರಾಯಿಟ್‌ನ ಮಂಜುಗಡ್ಡೆಯ ಅಂಕಣದ ಮೇಲೆ ಮಂಡಿಯೂರಿದ್ದ ಅಕ್ಕನ ಗಂಡ ರೆಜಾನ್‌ನ ಎಡಪಕ್ಕೆಗೆ, ಎರಡೂ ಕೈಯಲ್ಲಿ ಐಸ್ ಹಾಕಿಯ ಕೋಲೆತ್ತಿ ಬಾರಿಸಿದ್ದಕ್ಕೆ ಯಾವ ನೆಪವೂ ಇರಲಿಲ್ಲ. ಒದ್ದೆ ಹಲಗೆ ಮುರಿದಂಥ ಸದ್ದಾಯಿತು.

ಜಗಳ ಹತ್ತಿದ್ದು ಆಟಕ್ಕೆ ಮೊದಲು, ಬಟ್ಟೆ ಬದಲಿಸುವಾಗ. ನದಿಯಾಚೆ, ದೇಶದ ಗಡಿ ದಾಟಿದರೆ ಸಿಗುವ ವಿಂಡ್ಸರ್‌ನಲ್ಲಿ ಲೂಸಿಯನ್‌ನ ತಾಯಿ ಸೊಂಟದ ಆಪರೇಷನ್ನಿಗೆ ಹದಿನಾಲ್ಕು ತಿಂಗಳಿಂದ ಸರದಿ ಕಾಯುತ್ತಿದ್ದಳು.

"ನಿಮ್ ಸರ್ಕಾರಿ ಆಸ್ಪತ್ರೆ ಅಮ್ಮನ್ನ ಕುರ್ಚೀಲೇ ಕೊಳೆಸ್ತಿದೆ," ಎಂದಿದ್ದ ಲೂಸಿಯನ್.

"ನಿನ್ ವಿಮೆ ಕಂಪನಿ ಏನ್ ಕಡಿದು ಕಟ್ಟೆ ಹಾಕಿದೆಯೋ, ಡೆಟ್ರಾಯಿಟ್ ದೊರೆ? ನಿನ್ ಹೆಂಡ್ತಿ ಖರ್ಚಿಗೆ ಹೆದರಿ ಇನ್ಸುಲಿನ್ನು ಅರ್ಧರ್ಧ ಚುಚ್ಕೊಂಡು ಬದುಕ್ತಿದಾಳೆ!" ರೆಜಾನ್ ಎಲ್ಲರೆದುರು ನಕ್ಕಿದ್ದ. ಎರಡೂ ತಂಡದವರು ನಕ್ಕಿದ್ದರು.

ಈಗ ರೆಜಾನ್ ಲೂಸಿಯನ್‌ನ ಕಾರಿನಲ್ಲಿ, ಹೊಟ್ಟೆ ಅಮುಕಿಕೊಂಡು ಬಾಗಿ ಕೂತಿದ್ದ. ಹೊರಗೆ ಒಂದು ಹನಿ ರಕ್ತವಿಲ್ಲ.

"ಆಂಬುಲೆನ್ಸ್ ಗೀಂಬುಲೆನ್ಸ್ ಬೇಡ. ಸೇತುವೆ ದಾಟಿಸು. ಆಚೆ ನನ್ ಸರ್ಕಾರಿ ಆರೋಗ್ಯ ಕಾರ್ಡ್ ನಡೆಯತ್ತೆ, ಪುಕ್ಕಟೆ."

"ಈ ಕಡೆ ಬರೋಕೆ ಪ್ರಯಾಣದ ವಿಮೆ ಮಾಡಿಸಿಲ್ವಾ?"

"ಒಂದೂವರೆ ಗಂಟೆ ಆಟಕ್ಕೆ ಯಾವನೋ ಮಾಡಿಸ್ತಾನೆ?"

ವಿಂಡ್ಸರ್‌ನವರು ಯಾರೂ ಮಾಡಿಸುತ್ತಿರಲಿಲ್ಲ. ಅವರಿಗೆ ನದಿಯೆಂದರೆ ಪಕ್ಕದ ಬೀದಿ ಅಷ್ಟೆ.

ಸೇತುವೆಗೆ ಮೊದಲು ಲಾರಿಗಳ ಸಾಲು ನಿಂತಿತ್ತು. ಲೂಸಿಯನ್ ಸುಮ್ಮನೆ ಸಾಲು ಹಿಡಿದ. ಈಚೆ ಆಸ್ಪತ್ರೆಗೆ ಹೋದರೆ ಹೇಗಾಯಿತೆಂದು ಕೇಳುತ್ತಾರೆ, ಪೊಲೀಸರು ಬರುತ್ತಾರೆ. ಆಚೆ ಅಕ್ಕನ ಮುಂದೆ, ಜಾರಿಬಿದ್ದ ಎಂದರೆ ಮುಗಿಯಿತು. ರೆಜಾನ್ ಮನೆಯ ಮಾತು ಹೊರಗೆ ಹಾಕುವವನಲ್ಲ. ತಾನು ಕೇಳುತ್ತಿರುವುದು ರೆಜಾನ್‌ನ ಮಾತನ್ನೋ, ತನ್ನ ಹೆದರಿಕೆಯನ್ನೋ, ಅವನಿಗೆ ತಿಳಿಯಲಿಲ್ಲ. ತಿಳಿಯಲು ಅವನು ಪ್ರಯತ್ನಿಸಲೂ ಇಲ್ಲ.

"ಎಡಭುಜ ಸಿಡೀತಿದೆ," ಎಂದ ರೆಜಾನ್. "ನೀನ್ ಹೊಡೆದಿದ್ದು ಪಕ್ಕೆಗಲ್ವೇನೋ?"

ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳಗೇ ರಕ್ತ ಸೋರುತ್ತಿರಬೇಕು ಎನಿಸಿ ಲೂಸಿಯನ್ ಸ್ಟೀರಿಂಗ್ ತಿರುಗಿಸಿ ಸಾಲಿನಿಂದ ಹೊರಬಿದ್ದ.

"ಎಲ್ಲಿಗೆ?"

"ಇಲ್ಲೇ ಆಸ್ಪತ್ರೆಗೆ."

ರೆಜಾನ್‌ನ ಮೊಣಕೈ ಅವನ ಬಾಯಿಗೆ ಬಡಿಯಿತು. ಹಲ್ಲು ತುಟಿಯೊಳಗೆ ಇಳಿದು ಬಾಯಿತುಂಬ ಬೆಚ್ಚಗಿನ ರಕ್ತ. "ಇಲ್ಲಿನ ಬಿಲ್ಲಿಗೆ ಮನೆ ಹೋಗತ್ತೆ ಕಣೋ! ನಿಮ್ಮಕ್ಕನ್ನ ಬೀದಿಗೆ ಹಾಕ್ತೀಯಾ?" ಎಂದು ಅವನು ಸ್ಟೀರಿಂಗಿಗೆ ಕೈಹಾಕಿ ಜಗ್ಗಿದ. ಕಾರು ಅಂಚುಗಲ್ಲು ಹತ್ತಿ, ಕಂಬಕ್ಕೆ ಉಜ್ಜಿ, ಮತ್ತೆ ರಸ್ತೆಗೆ ಧುಮುಕಿತು. ಲೂಸಿಯನ್ ಅವನ ಮುಖವನ್ನು ಅಂಗೈಯಿಂದ ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಓಡಿಸಿದ. ರೆಜಾನ್ ಗುದ್ದಿದ, ಅವನ ಮಣಿಕಟ್ಟನ್ನು ಕಚ್ಚಿದ. ಆಮೇಲೆ ಕಚ್ಚಿದ ಬಾಯಿ ತಾನಾಗಿಯೇ ಸಡಿಲಾಯಿತು. ಹೊಡೆತಗಳಿಗಿಂತ ಲೂಸಿಯನ್‌ಗೆ ಅದು ಹೆಚ್ಚು ಭಯ ಹುಟ್ಟಿಸಿತು.

"ಬಯ್ಯೋ, ರೆಜಾನ್. ಇನ್ನೊಂದ್ಸಲ ಬಯ್ಯೋ."

ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಕಾರ್ಡು ಕೇಳಲಿಲ್ಲ. ನಾಲ್ವರು ಸಿಬ್ಬಂದಿ ರೆಜಾನ್‌ನನ್ನು ಗಾಲಿಮಂಚದ ಮೇಲೆ ಎಳೆದು ಮಲಗಿಸಿ, ಅಂಗಿ ಕತ್ತರಿಸುತ್ತ ಒಳಗೆ ಓಡಿದರು. ಕೇಳಿದ್ದು ಆಮೇಲೆ, ಮೇಜಿನ ಹಿಂದಿದ್ದ ಹೆಂಗಸು.

"ವಿಮೆ?"

"ಇಲ್ಲ. ಆಚೆ ದಡದವನು."

"ನೀವೇನಾಗಬೇಕು?"

"ನಮ್ಮಕ್ಕನ ಗಂಡ."

"ಪೆಟ್ಟು ಹೇಗಾಯ್ತು? ಆಟದಲ್ಲಿ ಬಿದ್ರಾ?"

ಹೆಂಗಸಿನ ಬೆರಳುಗಳು ಆಗಲೇ ಕಂಪ್ಯೂಟರಿನ ಕೀಲಿಗಳ ಮೇಲಿದ್ದವು. ಲೂಸಿಯನ್ ಹೂಂ ಎಂದರೆ ಸಾಕಿತ್ತು.

"ನಾನು ಹೊಡೆದೆ," ಎಂದ. ತುಟಿ ಊದಿ ಮಾತು ಸರಿಯಾಗಿ ಹೊರಡಲಿಲ್ಲ, ಇನ್ನೊಮ್ಮೆ ಹೇಳಿದ. "ಬಿದ್ದವನಿಗೆ ಹೊಡೆದೆ. ಕೋಲಿನಲ್ಲಿ. ಎಡಪಕ್ಕೆಗೆ. ಒಳಗಿನ ಡಾಕ್ಟರಿಗೆ ಹೇಳಿ."

ಅವಳು ಎದ್ದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ವಯಸ್ಸಾದ ಕಾವಲುಗಾರನೊಬ್ಬ ಕುರ್ಚಿ ಎಳೆದು ತಂದು, ಪೊಲೀಸರು ಬರುವ ತನಕ ಕಾಯಲು ಲೂಸಿಯನ್‌ನ ಪಕ್ಕದಲ್ಲಿ ಹಾಕಿಕೊಂಡು ಕೂತ. ಜೇಬಿನಿಂದ ಮಡಿಸಿದ ಕರವಸ್ತ್ರ ತೆಗೆದು ಕೊಟ್ಟ. ರೆಜಾನ್‌ನನ್ನು ಒಯ್ದ ಬಾಗಿಲನ್ನು ಇಬ್ಬರೂ ನೋಡುತ್ತ ಕೂತರು.