ಕ್ರೇನಪ್ಪನ ಕಂಪ್ಯೂಟರ್

ಆಯುಸ್ಸೆಲ್ಲ ಬಂದರಿನಲ್ಲಿ ಕ್ರೇನ್ ನಡೆಸಿದ ಮನುಷ್ಯನಿಗೆ ಜನ ಕ್ರೇನಪ್ಪ ಎಂದೇ ಹೆಸರಿಟ್ಟಿದ್ದರು. ನಿವೃತ್ತಿಯಾದ ಮೇಲೂ ಆ ಹೆಸರು ಬಿಡಲಿಲ್ಲ, ಹಟವೂ ಬಿಡಲಿಲ್ಲ. ಹೃದಯದ ಕವಾಟ ಸೋತಿದೆ, ಆಪರೇಷನ್ ಮಾಡಿಸಿಕೊಂಡರೆ ಇನ್ನೂ ಬಹಳ ಕಾಲ ಆರಾಮಾಗಿರುತ್ತೀರಿ ಎಂದು ಡಾಕ್ಟರು ಹೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಒಂದೇ: "ಇರೋಷ್ಟು ದಿನಕ್ಕೆ ಇದೇ ಸಾಕು." ಆಮೇಲೆ ಆ ಮಾತು ಬಾಯಿಗೆ ಅಂಟಿಕೊಂಡಿತು. ಕನ್ನಡಕ ಬದಲಾಯಿಸೋಣವೆಂದರೂ ಅದೇ, ಚಪ್ಪಲಿ ಸವೆದಿದೆಯೆಂದರೂ ಅದೇ. ಹೆಂಡತಿ ಅತ್ತು ನೋಡಿದಳು, ಮಾತು ಬಿಟ್ಟು ನೋಡಿದಳು. ಗೋಡೆಯ ಮುಂದೆ ಹೇಳಿಕೊಂಡಿದ್ದರೆ ಅದಾದರೂ ಎದುರು ಮಾತಾಡುತ್ತಿರಲಿಲ್ಲ.

ಮಗಳು ಅಳುವ ಪೈಕಿಯವಳಲ್ಲ. ಗೇಮ್ ಆಡುವವರಿಗೆ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿ ಅವಳದು. ಗಿರಾಕಿ ಬಾಯಿ ತೆರೆಯುವುದರೊಳಗೆ ಅವನಿಗೇನು ಬೇಕೆಂದು ಹೇಳಬಲ್ಲಳು. ಹಾಗೆ ಹೇಳಬಲ್ಲೆನೆಂಬ ಜಂಬವೂ ಇತ್ತು. ಒಂದು ದಿನ ಅಪ್ಪನನ್ನು ಅಂಗಡಿಗೆ ಕರೆತಂದು, ಕ್ರೇನ್ ನಡೆಸುವ ಆಟವೊಂದನ್ನು ಮುಂದಿಟ್ಟಳು. "ಸರಕು ಹೀಗೆ ತೂಗಾಡಲ್ಲ, ಇದನ್ನ ಮಾಡಿದೋನು ಕ್ರೇನ್ ಹತ್ತಿಲ್ಲ," ಎಂದು ಮೂಗು ಮುರಿದ ಅಪ್ಪ, ಊಟದ ಹೊತ್ತು ಮೀರಿದರೂ ಕುರ್ಚಿ ಬಿಟ್ಟೇಳಲಿಲ್ಲ. ಮಾರನೆಯ ದಿನ ತಾನಾಗಿಯೇ ಬಂದು, ಮನೆಗೂ ಅಂಥದೊಂದು ಕಂಪ್ಯೂಟರ್ ಬೇಕೆಂದ.

ಅವಳು ಹಿರಿಹಿರಿ ಹಿಗ್ಗಿದಳು. ಕಂಪ್ಯೂಟರಿನ ಭಾಗಗಳನ್ನೆಲ್ಲ ಕೂರಿಸುವ ದೊಡ್ಡ ಕ್ಯಾಬಿನೆಟ್ ಒಂದನ್ನು ಬೆಂಚಿನ ಮೇಲಿಟ್ಟು ಪಕ್ಕದ ತಗಡು ಬಿಚ್ಚಿದಳು.

"ಈಗ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಸಾಕಪ್ಪ. ಮುಂದಿನ ವರ್ಷ ಹೊಸದು ಬರುತ್ತೆ, ನೀರು, ಅಲೆ ಎಲ್ಲ ನಿಜವಾದದ್ದೇ ಅನ್ನಬೇಕು, ಹಾಗೆ ಕಾಣುತ್ತೆ. ಆದ್ರೆ ಅದು ಉದ್ದ ಇರುತ್ತೆ, ಕರೆಂಟೂ ಜಾಸ್ತಿ ಎಳೆಯುತ್ತೆ. ಅದಕ್ಕೇ ಈಗಲೇ ದೊಡ್ಡ ಕ್ಯಾಬಿನೆಟ್ಟು, ದೊಡ್ಡ ಪವರ್ ಸಪ್ಲೈ ಹಾಕಿಬಿಡೋಣ. ಆಮೇಲೆ ಕಾರ್ಡ್ ಒಂದು ಬದಲಾಯಿಸಿದ್ರೆ ಆಯ್ತು."

"ಮುಂದಿನ ವರ್ಷದ ಮಾತು ಯಾಕೆ? ಚಿಕ್ಕದೇ ಹಾಕು. ಇರೋಷ್ಟು ದಿನಕ್ಕೆ ಸಾಕು."

ಅವಳ ಮೈ ಉರಿದುಹೋಯಿತು. ಒಂದು ಡಬ್ಬಿಯೊಳಗೆ ಅಂಗೈಯಗಲ ಜಾಗ ಖಾಲಿ ಬಿಡಲೂ ಒಪ್ಪದ ಮನುಷ್ಯ ಆಪರೇಷನ್ನಿಗೆ ಒಪ್ಪುವುದುಂಟೆ? ಬಯ್ಯಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡಳು. ಗಿರಾಕಿಯ ನಾಡಿ ಹಿಡಿಯುವುದೇ ಅವಳ ಕಸುಬು. ಇವನಂತೂ ತಾನು ಹುಟ್ಟಿದಾಗಿನಿಂದ ನೋಡಿದ ಗಿರಾಕಿ.

"ಸರಿ ಬಿಡು, ನೀನು ಹೇಳಿದ ಹಾಗೇ ಆಗಲಿ," ಎಂದು ಚಿಕ್ಕ ಪವರ್ ಸಪ್ಲೈ ಎತ್ತಿ ಅವನ ಕೈಗಿಟ್ಟಳು.

ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದರ ತಾಕತ್ತೆಷ್ಟು?"

"ನಾನೂರೈವತ್ತು ವ್ಯಾಟ್."

"ಆಟ ಜೋರಾಗಿ ನಡೆಯೋವಾಗ ಬೀಳೋ ಭಾರ?"

"ನಾನೂರರ ಹತ್ತಿರ," ಎಂದಳು, ತಲೆ ಎತ್ತದೆ, ಸ್ಕ್ರೂ ಹುಡುಕುವವಳಂತೆ.

ಅಪ್ಪ ಅದನ್ನು ಬೆಂಚಿನ ಮೇಲೆ ಠಣ್ಣೆಂದು ಕುಕ್ಕಿದ. "ಬುದ್ಧಿ ಇದೆಯೇನೇ ನಿನಗೆ? ಮುಕ್ಕಾಲಿಗಿಂತ ಮೇಲೆ ಯಾವ ಯಂತ್ರಕ್ಕೂ ಹೊರಿಸಬಾರದು. ಕ್ರೇನ್ ಮೇಲೆ ಎಷ್ಟು ಟನ್ ಅಂತ ಬರೆದಿದ್ರೂ ನಾನು ಅಷ್ಟು ಎತ್ತಿದವನಲ್ಲ. ಮ್ಯಾನೇಜರು ಕೂಗಾಡಿದ ದಿನ ಏಣಿ ಇಳಿದು ಬಂದು, ನೀವೇ ಎತ್ಕೊಳ್ಳಿ ಅಂತ ಬೀಗದ ಕೈ ಅವರಿಗೇ ಕೊಟ್ಟಿದ್ದೆ. ದೊಡ್ಡದು ತೆಗಿ."

"ಇರೋಷ್ಟು ದಿನಕ್ಕೆ ಇದೇ ಸಾಕಲ್ಲಪ್ಪ."

"ಸಾಕು ಅಂದ್ರೆ? ಹೇಗೋ ಓಡೋದು ಬೇರೆ, ಬಾಳಿಕೆ ಬರೋದು ಬೇರೆ."

ಹೇಳಿ ಮುಗಿಸುವಷ್ಟರಲ್ಲಿ ತಾನೇನು ಹೇಳಿದೆನೆಂದು ಅವನಿಗೆ ಹೊಳೆಯಿತು. ಕಣ್ಣು ಕಿರಿದು ಮಾಡಿ ಮಗಳನ್ನು ನೋಡಿದ. "ನನಗೇ ಗಾಳ ಹಾಕ್ತೀಯಾ, ಕಳ್ಳಿ."

"ಹಾಕ್ದೆ," ಎಂದಳು. ಸ್ಕ್ರೂ ಹುಡುಕುವ ನಾಟಕ ಅಲ್ಲಿಗೆ ಮುಗಿಯಿತು. "ನಿನ್ನ ಎದೆ ಈಗ ಪೂರ್ತಿ ಭಾರದಲ್ಲಿ ಓಡ್ತಿದೆ ಅಪ್ಪ. ಮಹಡಿ ಹತ್ತೋಕಾಗದೆ ನಡು ಮೆಟ್ಟಿಲಲ್ಲಿ ಕೂತ್ಕೋತೀಯ, ಲೇಸ್ ಕಟ್ತಿದ್ದೀನಿ ಅಂತೀಯ. ನೀನು ಹಾಕೋದು ಚಪ್ಪಲಿ. ನನಗೆ ನೀನು ಮುಂದಿನ ವರ್ಷಾನೂ ಬೇಕು, ಅದರ ಮುಂದಿನ ವರ್ಷಾನೂ ಬೇಕು. ಹೊಸ ಕಾರ್ಡ್ ಹಾಕಿ ಯಾರಿಗೆ ತೋರಿಸಲಿ?"

ಅಂಗಡಿಯ ಯಂತ್ರಗಳ ಫ್ಯಾನುಗಳು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದ ಅಪ್ಪನ ಬೆರಳುಗಳನ್ನು ನೋಡಿದಾಗಲೇ ಅವಳಿಗೆ ತಿಳಿದದ್ದು: ಇವನಿಗೆ ಹೆದರಿಕೆ. ಅಷ್ಟೆತ್ತರದಲ್ಲಿ ಕೂತು ದುಡಿದವನು ಆಪರೇಷನ್ ಮೇಜಿನ ಮೇಲೆ ಅಂಗಾತ ಮಲಗಲು ಹೆದರಿದ್ದ. ಮನೆಮಂದಿಯೆಲ್ಲ ಅದಕ್ಕೆ ಹಟವೆಂದು ಹೆಸರಿಟ್ಟು ಕೂತಿದ್ದರು.

ಅಪ್ಪ ದೊಡ್ಡ ಕ್ಯಾಬಿನೆಟ್ಟನ್ನು ಹತ್ತಿರ ಎಳೆದುಕೊಂಡು, ಒಳಗೆ ಕೈ ಇಳಿಸಿ, ಮುಂದೆ ಬರುವ ಕಾರ್ಡಿನ ಜಾಗವನ್ನು ಗೇಣು ಹಾಕಿ ಅಳೆದ. "ಒಂದೂವರೆ ಗೇಣು. ಹಿಡಿಸುತ್ತಾ?"

"ಹಿಡಿಸುತ್ತೆ."

"ಎದೆ ಹೊಲಿದ ಮೇಲೆ ಭಾರ ಎತ್ತಬಾರದು ಅಂದಿದ್ರಲ್ಲ ಆ ಡಾಕ್ಟರು. ಆಟದ ಜಾಯ್‌ಸ್ಟಿಕ್ ಹಿಡೀಬಹುದಂತಾ?"

"ಕೇಳ್ತೀನಿ."

"ಕೇಳು. ಹಾಗೇ ಯಾವತ್ತು ಬರಬೇಕು ಅಂತಾನೂ ಕೇಳು."

ಯಾವ ಗಿರಾಕಿಯ ಮುಂದೆಯೂ ತಡವರಿಸದ ಮಗಳು ಫೋನ್ ಎತ್ತಿಕೊಂಡು ಬಾಗಿಲಾಚೆ ಓಡಿದಳು. ಕಣ್ಣು ಮಂಜಾಗಿತ್ತು, ಬೆರಳು ಎಲ್ಲೋ ಒತ್ತಿತು. "ಡಾಕ್ಟ್ರೇ, ಅಪ್ಪ ಒಪ್ಪಿದ್ರು," ಎಂದಳು ಒಂದೇ ಉಸಿರಿಗೆ.

ಆ ಕಡೆಯಲ್ಲಿದ್ದವನು ಅವಳ ಅಂಗಡಿಗೆ ಕೇಬಲ್ ತಂದುಕೊಡುವ ವ್ಯಾಪಾರಿ. ಏನು ಒಪ್ಪಿದ್ದು, ಯಾಕೆ ಒಪ್ಪಿದ್ದು, ಅವನಿಗೊಂದೂ ತಿಳಿಯದು. ದನಿಯಲ್ಲಿದ್ದ ಅಳು ಮಾತ್ರ ಕೇಳಿಸಿತು. "ಒಳ್ಳೇದಾಯ್ತು ಬಿಡಮ್ಮ," ಎಂದ, "ಮೊದಲು ಕಣ್ಣೊರೆಸ್ಕೊ. ಆಮೇಲೆ ಡಾಕ್ಟರಿಗೆ ಫೋನ್ ಮಾಡು."