ಕಿಣ್ವದ ಬಾಯಿಗೆ ಸಿಗದ ಔಷಧಿ

ಜವಳಗೇರಾದಲ್ಲಿ ಕೊಯ್ಲಾದ ಗದ್ದೆಗಳಿಗೆ ಕುರಿ ಹೊಡೆದುಕೊಂಡು ಹೋಗಿದ್ದ ಮಾಳಿಂಗಪ್ಪನ ಕಾಲಿಗೆ ಜಾಲಿಮುಳ್ಳು ನಟ್ಟಿತ್ತು. ತನ್ನೂರು ಸಂತೆಕಲ್ಲೂರಿಗೆ ಮರಳುವಷ್ಟರಲ್ಲಿ ಪಾದ ಬಾತು ಕೀವು ತುಂಬಿತ್ತು. ಲಿಂಗಸುಗೂರಿನ ಖಾಸಗಿ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಜ್ವರ ಮಾತ್ರ ಇಳಿಯಲಿಲ್ಲ.

ಸುದ್ದಿ ಕೇಳಿ ಅವನ ಅಕ್ಕನ ಮಗಳು ಪ್ರಿಯಾಂಕಾ ಹೈದರಾಬಾದಿನಿಂದ ಬಂದಳು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಔಷಧಿಯನ್ನೇ ಮುರಿಯುವ ಕಿಣ್ವಗಳು ಯಾವ ಆಕಾರದಲ್ಲಿರುತ್ತವೆ ಎಂದು ಕಂಡುಹಿಡಿಯುವುದೇ ಅಲ್ಲಿ ಅವಳ ಕೆಲಸ. ಕಿಣ್ವವನ್ನು ಹರಳುಗಟ್ಟಿಸಿ, ಎಕ್ಸ್‌-ರೇ ಹಾಯಿಸಿ, ಯಾವ ಪರಮಾಣು ಎಲ್ಲಿದೆ ಎಂದು ಗುರುತಿಸುತ್ತಿದ್ದಳು. ಆ ಬ್ಯಾಕ್ಟೀರಿಯಾಗಳು ಯಾರ ಮೈಯಿಂದ ಬಂದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಡಾಕ್ಟರ್ ಶಿವಶರಣಪ್ಪ ಕೀವಿನ ವರದಿ ತೋರಿಸಿದರು. "ಯಾವ ಇಂಜೆಕ್ಷನ್ನೂ ನಾಟವಲ್ದು ನೋಡ್ರಿ. ಉಳಿದದ್ದು ಒಂದ. ಅದು ಕಿಡ್ನಿ ಹಾಳ ಮಾಡ್ತೈತಿ. ಇವರ ಕಿಡ್ನಿ ಮೊದಲ ವೀಕ್ ಅದಾವ."

ವರದಿಯಲ್ಲಿ ಎರಡು ಕಿಣ್ವಗಳ ಹೆಸರುಗಳಿದ್ದವು. ಮೊದಲನೆಯದು ಪ್ರಿಯಾಂಕಾ ಬಲ್ಲದ್ದೇ. ಅದರ ನಡುವೆ ಒಂದು ತಗ್ಗು, ತಗ್ಗಿನ ತಳದಲ್ಲಿ ಸತುವಿನ ಎರಡು ಅಯಾನುಗಳು. ಪೆನಿಸಿಲಿನ್ ಬಳಗದ ಔಷಧಿಗಳು ಅಲ್ಲಿಗೆ ಬಂದರೆ ಮುರಿದುಹೋಗುತ್ತವೆ. ಅಜ್ಟ್ರಿಯೋನಾಮ್ ಎಂಬುದು ಮಾತ್ರ ಆ ತಗ್ಗಿನಲ್ಲಿ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಉಳಿಯುತ್ತದೆ.

"ಸರ್, ಅಜ್ಟ್ರಿಯೋನಾಮ್ ಒಂದ ಕೊಟ್ರ ಎರಡನೇ ಕಿಣ್ವ ಅದನ್ನ ಮುರಿತೈತಿ. ಅದರ ಬಾಯಿ ಕಟ್ಟೋ ಔಷಧಿ ಜೋಡಿ ಕೊಟ್ರ ಹೆಂಗ?"

"ನೀವು ಚಿತ್ರ ನೋಡೀರಿ. ನಾ ಪೇಶಂಟ್ ನೋಡಾಕತ್ತೀನಿ" ಎಂದರು ಶಿವಶರಣಪ್ಪ. ಆದರೂ ರಾಯಚೂರಿನ ತಜ್ಞರೊಬ್ಬರಿಗೆ ಫೋನ್ ಹಚ್ಚಿ ಬಹಳ ಹೊತ್ತು ಮಾತಾಡಿದರು. ತಿರುಗಿ ಬಂದು, "ತರಿಸೋಣ್ರಿ. ದೊಡ್ಡ ದವಾಖಾನ್ಯಾಗ ಹಿಂಗ ಕೊಡಾಕತ್ಯಾರಂತ" ಎಂದರು.

ಔಷಧಿ ಹೈದರಾಬಾದಿನಿಂದ ಬಂತು. ಜ್ವರ ನಿಧಾನಕ್ಕೆ ಇಳಿಯಿತು. ಮಾಳಿಂಗಪ್ಪ ಬಾಯಿಬಿಟ್ಟು ರೊಟ್ಟಿ ಕೇಳಿದ ದಿನ ಹೆಂಡತಿ ಗಿರಿಯಮ್ಮ ವಾರ್ಡಿನಲ್ಲೇ ಕೂತು ಅತ್ತಳು.

"ಮಾಮಾ, ಮುಳ್ಳು ನಟ್ಟ ಮ್ಯಾಲ ಏನ್ ಔಷಧ ಮಾಡಿದಿ?" ಪ್ರಿಯಾಂಕಾ ಕೇಳಿದಳು.

"ಕುರಿಗೆ ಮಾಡೋ ಇಂಜೆಕ್ಷನ್ ಸೂಜಿ ಇತ್ತಲ್ಲವ್ವಾ, ಅದನ್ನ ಮಾಡ್ಕೊಂಡೆ. ಬ್ಯಾನಿ ಹೋತು, ಬಿಟ್ಟೆ. ಮತ್ತ ಬಂತು, ಮತ್ತ ಮಾಡ್ಕೊಂಡೆ."

ಔಷಧಿ ನಾಟದಂತೆ ಮಾಡಿದ್ದು ಇದೇ ಎಂದು ಅವಳು ಫೋನಿನಲ್ಲಿ ಕಿಣ್ವದ ಚಿತ್ರ ತೋರಿಸಿದಳು. ಸುರುಳಿ ಸುತ್ತಿದ ಪಟ್ಟಿಗಳನ್ನು ಅವನು ಹತ್ತಿರ ಹಿಡಿದು ನೋಡಿದ.

"ಹಂಗಾರ ಇದನ್ನ ನಾನ ಸಾಕೀನೇನು?"

"ಎಲ್ಲಿಂದ ಬಂತೋ ಗೊತ್ತಿಲ್ಲ ಮಾಮಾ. ನಿನ್ನ ಸೂಜಿಗೆ ಸಾಯೋ ಹುಳಾ ಸತ್ವು. ಇದು ಇದ್ದ ಹುಳಾ ಉಳಿದು ಬೆಳದ್ವು."

ಅವನು ಫೋನ್ ಹಿಂದಕ್ಕೆ ಕೊಟ್ಟು ಗೋಡೆಯ ಕಡೆ ಮಗ್ಗುಲಾದ. ಸುಳ್ಳು ಹೇಳಬಹುದಿತ್ತು ಎಂದು ಅವಳಿಗೆ ಅನ್ನಿಸಿತು.

ಬಿಡುಗಡೆಯಾದ ದಿನ ಮಸ್ಕಿಯ ಅಕ್ಕನ ಮನೆಗೆ ಹೊರಟಾಗ, ಬಜಾರಿನ ಔಷಧಿ ಅಂಗಡಿಯ ಮುಂದೆ ಮಾಳಿಂಗಪ್ಪ ಆಟೋ ನಿಲ್ಲಿಸಿದ.

"ಕುರಿ ಕೆಮ್ಮಾಕತ್ಯಾವಂತ. ಸೂಜಿ ಬೇಕು."

"ಡಾಕ್ಟರಿಗೆ ತೋರಿಸಲಾರದನ?" ಎಂದಳು ಪ್ರಿಯಾಂಕಾ.

ಅವನು ಕೋಲೂರಿ ಇಳಿದು, ಅಂಗಡಿಯ ಕಡೆ ನೋಡುತ್ತ ನಿಂತ. ಆಮೇಲೆ ಆಟೋದವನನ್ನು ಕೇಳಿದ: "ದನದ ದವಾಖಾನಿ ಎಷ್ಟೊತ್ತನಕ ತೆರದಿರ್ತದಪಾ?"